ಮಷಿನ್ನಿಗೆ ಬಿದ್ದ ಒಂಬತ್ತು ನೋಟುಬುಕ್ಕು

ಎಸ್ಸೈ ಶಿವಗಂಗಾ ವಾಷಿಂಗ್ ಮಷಿನ್ನಿನೊಳಗೆ ಮೊಣಕೈವರೆಗೆ ಕೈ ತೂರಿಸಿ ಕಾಗದದ ಮುದ್ದೆ ಹೊರಗೆಳೆದಳು. ನೀಲಿ ನೀರು ಖಾಕಿ ತೋಳಿಗೆ ಇಳಿಯಿತು. ಒಂಬತ್ತು ನೋಟುಬುಕ್ಕು. ಹನ್ನೊಂದು ವರ್ಷದ ಸಂಶೋಧನೆ.

"ನನ್ನ ಬುಕ್ಕು ನಾನೇ ಹಾಕಿರಬಹುದಾ ಮೇಡಂ?" ಸಮಾಜಶಾಸ್ತ್ರದ ಪ್ರೊಫೆಸರ್ ವತ್ಸಲಾ ಕೇಳಿದಳು.

"ಹಾಕಿದ್ದು ನೆನಪೈತೇನ್ರಿ?"

"ಇಲ್ಲ. ಹೋದ ವಾರ ಕಾರಿನ ಕೀ ಫ್ರಿಜ್ಜಿನಲ್ಲಿ ಸಿಕ್ತು. ಅದೂ ನೆನಪಿಲ್ಲ. ಅಲಾರಾಂ ತಪ್ಪಾಗಿಟ್ಟು ಎರಡು ಸಲ ಕ್ಲಾಸೇ ತಪ್ಪಿಸಿಕೊಂಡೆ."

ಗಂಡ ಪದ್ಮನಾಭ ನಿಟ್ಟುಸಿರಿಟ್ಟ. ಅವನು ಇತಿಹಾಸದ ಪ್ರೊಫೆಸರ್. ಬೇಗಂಪೇಟೆಯ ಆ ಫ್ಲ್ಯಾಟಿನಲ್ಲಿ ಇಬ್ಬರಿಗೂ ಬೇರೆ ಬೇರೆ ಕೋಣೆ. ಮಾತೆಲ್ಲ ಫ್ರಿಜ್ಜಿಗೆ ಅಂಟಿಸಿದ ಚೀಟಿಗಳಲ್ಲೇ.

"ಸ್ವಯಂನಿವೃತ್ತಿ ತಗೋ ಅಂತ ಇವಳಿಗೆ ಹೇಳ್ತಾನೇ ಇದ್ದೀನಿ ಮೇಡಂ. ಅರ್ಜಿ ಕೂಡ ಟೈಪ್ ಮಾಡಿಟ್ಟಿದ್ದೀನಿ. ಇಲ್ಲಾಂದ್ರೆ ಕೆಲಸದ ಗದಿಗೆಮ್ಮನ್ನ ಕೇಳಿ. ಅವಳಿಗೆ ಓದು ಬರಲ್ಲ."

ಗದಿಗೆಮ್ಮ ಸೆರಗು ಸಿಕ್ಕಿಸಿಕೊಂಡಳು. "ಓದಾಕ ಬರಂಗಿಲ್ಲ ಖರೆರಿ ಸಾಹೇಬ್ರ. ಕಾಗದ ಯಾವುದು, ಅರಿವಿ ಯಾವುದು ಅಂತ ಗೊತ್ತಾಗತೈತಿ."

ಗಡಿಯ ನಾರಾಯಣಪೇಟೆಯಲ್ಲಿ ಇದೇ ಕನ್ನಡ ಆಡಿ ಬೆಳೆದ ಶಿವಗಂಗಾ ನಗು ನುಂಗಿಕೊಂಡಳು. "ಹಾಳೆ ತುಂಬಾ ತೂತು ಅದಾವಲ್ಲ, ಯಾಕ?"

"ಅಮ್ಮಾರು ಬಸ್ ಟಿಕೇಟು, ಫೋಟೋ ಎಲ್ಲಾ ಬಣ್ಣದ ಗುಂಡುಪಿನ್ನಿಂದ ಚುಚ್ಚಿಡ್ತಾರ್ರಿ. ಸುಲ್ತಾನ್ ಬಜಾರಿಂದ ನಾನೇ ತಂದು ಕೊಡ್ತೀನಿ."

ಶಿವಗಂಗಾ ಮಷಿನ್ನಿನ ಜಾಲರಿ ಬಿಚ್ಚಿದಳು. ಒಂದು ಪಿನ್ನೂ ಇರಲಿಲ್ಲ.

* * *

ಪಿನ್ನುಗಳು ಪದ್ಮನಾಭನ ಮೇಜಿನ ಖಾನೆಯಲ್ಲಿದ್ದವು. ಮಾತ್ರೆ ಡಬ್ಬಿಯಲ್ಲಿ, ಬಣ್ಣಕ್ಕೊಂದು ಮನೆ. ಶಿವಗಂಗಾ ಡಬ್ಬಿ ಎತ್ತಿ ಅವನ ಮುಂದಿಟ್ಟಳು.

"ಮರೆವಿನಾಗ ಹಾಕಿದವ್ರು ಪಿನ್ನು ತೆಗೆಯಂಗಿಲ್ಲ ಸರ್. ಸಿಟ್ಟಿನಾಗ ಹಾಕಿದವ್ರೂ ಅಷ್ಟ. ಮೂವತ್ತು ವರ್ಷ ಹಳೇ ಕಡತ ಮುಟ್ಟಿದವ್ರು ಮೊದಲು ಪಿನ್ನು ಕೀಳ್ತಾರ, ತುಕ್ಕು ಹಿಡೀತೈತಿ ಅಂತ. ಹಾಳು ಮಾಡೋ ಕಾಗದದಾಗೂ ನಿಮ್ಮ ಕೈ ಆ ರೂಢಿ ಬಿಡಲಿಲ್ಲ. ಕೀ ಇಟ್ಟವ್ರೂ ನೀವೇ, ಅಲಾರಾಂ ಬದಲಿಸಿದವ್ರೂ ನೀವೇ. ಹೌದಲ್ರಿ?"

ಪದ್ಮನಾಭ ಹೆಂಡತಿಯತ್ತ ತಿರುಗಿದ. "ಸೆಮಿನಾರಿನಲ್ಲಿ ಎದ್ದು ನಿಂತು, ನಾನು ಹುಡುಕಿದ ಹಳೇ ಹಸ್ತಪ್ರತಿ ನಕಲಿ ಅಂದೆ. ಇನ್ನೂರು ಜನ ನಕ್ಕರು. ನಿನ್ನ ತಲೆ ಸರಿಯಿಲ್ಲ ಅಂತ ನಿನ್ನ ಬಾಯಿಂದಲೇ ಹೇಳಿಸಬೇಕಿತ್ತು."

"ಅದು ನಕಲಿಯೇ ಆಗಿತ್ತು," ಎಂದಳು ವತ್ಸಲಾ. ಅವಳ ದನಿಯಲ್ಲಿ ಈಗ ಅಳುಕಿರಲಿಲ್ಲ.

ಶಿವಗಂಗಾ ದೂರಿನ ಹಾಳೆಯನ್ನು ಅವಳ ಮುಂದಿಟ್ಟಳು. ಪದ್ಮನಾಭ ಥಟ್ಟನೆ ಕೈ ಅಡ್ಡ ಹಿಡಿದ.

"ನಿಲ್ಲು. ಎಲ್ಲಾ ಪುಟ ಸ್ಕ್ಯಾನ್ ಮಾಡಿಟ್ಟಿದ್ದೀನಿ. ಪಾಸ್‌ವರ್ಡ್ ನನಗೊಬ್ಬನಿಗೇ ಗೊತ್ತು. ದೂರು ಬಿಡು, ಹನ್ನೊಂದು ವರ್ಷವೂ ವಾಪಸ್ ಕೊಡ್ತೀನಿ."

ವತ್ಸಲಾ ಅವನ ಕೈ ಸರಿಸಿ ಸಹಿ ಹಾಕಿದಳು.

"ಬೇಡ."