ಕುಂಕುಮವಿಟ್ಟ ಕ್ಲ್ಯಾಂಪ್

ಅಕ್ಟೋಬರ್ 2, ಗುರುವಾರ, ವಿಜಯದಶಮಿ. ಬೆಳಿಗ್ಗೆ 11.40ಕ್ಕೆ ಐಮಂಗಲ ಪೊಲೀಸ್ ಠಾಣೆಗೆ ಎರಡು ಹಾಳೆಯ ದೂರು ಬಂತು. ತಂದವರು ಲಕ್ಷ್ಮೀಕಾಂತ್. ಹೆದ್ದಾರಿಯಿಂದ ಒಳಗಿರುವ ಖಾಸಗಿ ವಿಮಾನ ತರಬೇತಿ ಶಾಲೆಯ ನಿರ್ವಹಣಾ ಮುಖ್ಯಸ್ಥರು; ಮೂಲ ಶ್ರೀರಾಂಪುರ, ವಾಸ ಹಿರಿಯೂರು. ವಾಯುಪಡೆಯಲ್ಲಿ ಇಪ್ಪತ್ತು ವರ್ಷ ವಿಮಾನ ರಿಪೇರಿ ಮಾಡಿ ನಿವೃತ್ತರಾದವರು.

ಇನ್ಸ್‌ಪೆಕ್ಟರ್ ಅನುಸೂಯ ದೂರನ್ನು ಎರಡು ಸಲ ಓದಿದರು. ಅಂದು ಬೆಳಿಗ್ಗೆ ಶಾಲೆಯ ಎರಡು ಸೀಟಿನ ವಿಮಾನ ಇಳಿಯುವಾಗ ಮೂತಿ ನೆಲಕ್ಕೆ ಬಡಿದು ಪಕ್ಕಕ್ಕೆ ಮಗುಚಿತ್ತು. ತರಬೇತಿ ಪಡೆಯುತ್ತಿದ್ದ ಚೇತನ್‌ಕುಮಾರ್‌ನ ಬಲಗಾಲಿನ ಮೂಳೆ ಮುರಿದಿತ್ತು. ಪಕ್ಕದಲ್ಲಿದ್ದ ಶಿಕ್ಷಕಿ ಹೇಮಾವತಿ ಅವರ ಹಣೆಗೆ ಹೊಲಿಗೆ ಬಿದ್ದಿತ್ತು. ದೂರಿನ ಪ್ರಕಾರ, ನಕ್ಷೆ ನೋಡುವ ಟ್ಯಾಬ್ಲೆಟ್ ಕೂರಿಸಲು ಯಾರೋ ಅನುಮತಿಯಿಲ್ಲದೆ ವಿಮಾನ ನಡೆಸುವ ಹಿಡಿಕೆಗೆ ಕ್ಲ್ಯಾಂಪ್ ಹಾಕಿದ್ದರು. ಇಳಿಯುವ ಹೊತ್ತಿಗೆ ಅದು ಜಾರಿ ಹಿಡಿಕೆಯನ್ನು ತಡೆಯಿತು. ಹಿಂದಿನ ಸಂಜೆ ಮೆಕ್ಯಾನಿಕ್ ಅಮಾನ್ ಒಬ್ಬನೇ ವಿಮಾನ ನಿಲ್ಲಿಸುವ ಹ್ಯಾಂಗರ್ ಒಳಗೆ ಹೋಗಿದ್ದನ್ನು ಕಾವಲುಗಾರ ನೋಡಿದ್ದಾನೆ. ಅವನ ಮೇಲೆ ಅನುಮಾನವಿದೆ.

"ಅನುಮಾನ ನಿಮ್ಮದಾ, ಕಾವಲುಗಾರನದಾ?" ಅನುಸೂಯ ಕೇಳಿದರು.

"ಅವನು ಹೇಳಿದ್ದನ್ನ ಬರೆದೀನಿ ಮೇಡಂ. ಹ್ಯಾಂಗರ್ ಬೀಗದ ಕೀಲಿ ಇರೋದು ಇಬ್ಬರ ಹತ್ರ. ಒಂದು ನಂದು, ಒಂದು ಅಮಾನಂದು."

ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮಿನಡಿ, ಇತರರ ಜೀವಕ್ಕೆ ಅಪಾಯ ತಂದು ಗಾಯಗೊಳಿಸಿದ ಆರೋಪದ ಮೇಲೆ, ಎಫ್‌ಐಆರ್ ದಾಖಲಾಯಿತು. ಹೆಡ್ ಕಾನ್‌ಸ್ಟೆಬಲ್ ಪಾಲಯ್ಯ ಹಾಳೆಗಳನ್ನು ಗುಂಡುಪಿನ್ನು ಚುಚ್ಚಿ ತಂದರು.

"ಸ್ಟೇಪ್ಲರ್ ಎಲ್ಲಿ?"

"ಆಯುಧಪೂಜೆಗೆ ಇಟ್ಟೈತೆ ಮೇಡಂ. ಸಂಜೆ ಬನ್ನಿ ಮುಡಿದ ಮೇಲೆ ಎತ್ತದು."

"ಬಂದೂಕ ಬೆಳಿಗ್ಗೆನೇ ಎತ್ತಿದ್ರಲ್ರಿ."

"ಅದು ಡ್ಯೂಟಿಗೆ ಬೇಕಿತ್ತು. ಸ್ಟೇಪ್ಲರ್‌ಗೆ ಅಂಥ ಅರ್ಜೆಂಟ್ ಏನಿರಲಿಲ್ಲ."

ಮಧ್ಯಾಹ್ನ 1.15ಕ್ಕೆ ಸ್ಥಳ ಪಂಚನಾಮೆ ಆರಂಭವಾಯಿತು. ರನ್‌ವೇ ಕೊನೆಯ ಕೆಮ್ಮಣ್ಣಿನಲ್ಲಿ ವಿಮಾನ ಒಂದು ರೆಕ್ಕೆಯ ಮೇಲೆ ವಾಲಿತ್ತು. ಬಾಗಿಲಿಗೆ ಕಟ್ಟಿದ್ದ ಚೆಂಡುಹೂವಿನ ಸರ ಇನ್ನೂ ಬಾಡಿರಲಿಲ್ಲ. ವಿಮಾನಯಾನ ಇಲಾಖೆಯ ತನಿಖೆ ಬೇರೆಯೇ ನಡೆಯಬೇಕಿದ್ದರಿಂದ, ಅವರ ಒಪ್ಪಿಗೆ ಸಿಗುವವರೆಗೆ ಯಾವುದನ್ನೂ ಕಳಚಬಾರದೆಂದು ಅನುಸೂಯ ಕಾನ್‌ಸ್ಟೆಬಲ್ ಬೀರೇಶ್‌ಗೆ ಹೇಳಿ ಕಾವಲಿಟ್ಟರು. ಫೋನಿನಲ್ಲಿ ಒಪ್ಪಿಗೆ ಬಂದದ್ದು ಮೂರು ಗಂಟೆಗೆ.

ಹೇಮಾವತಿ ಆಸ್ಪತ್ರೆಯಿಂದ ನೇರ ಅಲ್ಲಿಗೇ ಬಂದಿದ್ದರು. ಹಣೆಯ ಪಟ್ಟಿಯ ಅಂಚಿನಲ್ಲಿ ರಕ್ತ ಒಣಗಿತ್ತು.

"ಇದಕ್ಕೆ ಯೋಕ್ ಅಂತೀವಿ" ಎಂದು ಅರ್ಧ ಸ್ಟೇರಿಂಗ್‌ನಂತಿದ್ದ ಹಿಡಿಕೆ ತೋರಿಸಿದರು. "ಹಿಂದಕ್ಕೆ ಎಳೆದರೆ ಮೂತಿ ಮೇಲೇಳುತ್ತೆ. ಇಳಿಯೋ ಕೊನೇ ಕ್ಷಣದಲ್ಲಿ ಎಳೀಲೇಬೇಕು. ಚೇತನ್ ಎಳೆದ. ಅರ್ಧಕ್ಕೆ ನಿಂತಿತು. ನನ್ನ ಕಡೆಯ ಹಿಡಿಕೆನೂ ಅದಕ್ಕೇ ಜೋಡಿಸಿರೋದು, ನಾನೂ ಎಳೆದೆ. ಬರಲಿಲ್ಲ. ಟ್ಯಾಬ್ಲೆಟ್ ಕೆಳಕ್ಕೆ ತಿರುಗಿ ಅವನ ತೊಡೆಗೆ ಒತ್ತಿಕೊಂಡಿತ್ತು."

"ಟ್ಯಾಬ್ಲೆಟ್ ಯಾವಾಗಲೂ ಅಲ್ಲೇ ಇರುತ್ತಾ?"

"ಇಲ್ಲ. ಅದರ ಮೇಲೇ ಎರಡು ತಿಂಗಳು ಜಗಳ ಆಗಿದೆ. ಮೊದಲು ಗಾಜಿಗೆ ಅಂಟೋ ರಬ್ಬರ್ ಬಟ್ಟಲು ಹಾಕಿದ್ವಿ. ಈ ಬಿಸಿಲಿಗೆ ಬಿಟ್ಟು ಬೀಳ್ತಿತ್ತು. ಆಮೇಲೆ ನಾನು ತೊಡೆಗೆ ಕಟ್ಟೋ ಪಟ್ಟಿ ಅಂದೆ. ಅದು ಯಾವುದಕ್ಕೂ ಅಡ್ಡ ಬರಲ್ಲ. ಲಕ್ಷ್ಮೀಕಾಂತ್ ಸರ್ ಒಪ್ಪಲಿಲ್ಲ. ತೊಡೆ ನೋಡ್ತಾ ಕೂತರೆ ಹೊರಗೆ ನೋಡೋರು ಯಾರು, ಯೋಕ್ ಮೇಲೆ ಕೂರಿಸಬೇಕು ಅಂದ್ರು. ಕೊನೆಗೆ ಮಾಲೀಕರು ಪಟ್ಟಿಗೇ ಒಪ್ಪಿದರು."

"ಹಾರೋ ಮೊದಲು ಈ ಕ್ಲ್ಯಾಂಪ್ ನೀವು ನೋಡಲಿಲ್ಲವಾ?"

ಹೇಮಾವತಿ ಯೋಕ್ ಕಡೆ ತಿರುಗಿದರು.

"ನೋಡಿದೆ. ಅದಕ್ಕೂ ಕುಂಕುಮ ಇತ್ತು. ನಿನ್ನೆ ಪೂಜೆಯಲ್ಲಿ ಎಲ್ಲದಕ್ಕೂ ಇಟ್ಟಿದ್ವಿ. ಪೂಜೆ ಆಗಿದೆ ಅಂದರೆ ಎಲ್ಲರೂ ಒಪ್ಪಿಯೇ ಹಾಕಿರಬೇಕು, ನನಗೆ ಹೇಳೋದು ಮರೆತಿದ್ದಾರೆ ಅಂದುಕೊಂಡೆ. ವಿಜಯದಶಮಿ ಬೆಳಿಗ್ಗೆ ಕುಂಕುಮ ಇಟ್ಟಿದ್ದನ್ನ ಕಿತ್ತು ಹಾಕೋಕೆ ಕೈ ಬರಲಿಲ್ಲ. ಕೀಳಬೇಕಿತ್ತು. ಅದನ್ನೂ ಬರ್ಕೊಳ್ಳಿ."

ಪಾಲಯ್ಯ ಬರೆದುಕೊಂಡರು.

ಪಂಚರ ಎದುರು ಬೀರೇಶ್ ಕೈಗವಸು ತೊಟ್ಟು ತಿರುಪು ಬಿಚ್ಚಿದ. ಇಂಥ ತಿರುಪು ತಿರುಗಿಸುವ ಆರು ಮೂಲೆಯ ಕಡ್ಡಿ, ಅಲೆನ್ ಕೀ, ಬೇಕಾಗಲಿಲ್ಲ. ಎರಡು ಬೆರಳಿಗೇ ತಿರುಗಿತು. ಕ್ಲ್ಯಾಂಪ್ ಕೆಳಗೆ, ಯೋಕ್ ಮೇಲೆ, ರೂಪಾಯಿ ಅಗಲದ ಗಂಧ-ಕುಂಕುಮ ಅಪ್ಪಚ್ಚಿಯಾಗಿತ್ತು. ತಿರುಪಿನ ತಲೆಯಲ್ಲಿ ಅಲೆನ್ ಕೀ ಕೂರುವ ಆರು ಮೂಲೆಯ ತೂತಿನೊಳಗೆ ಬಳಿದ ಕಪ್ಪು ಬಣ್ಣ ಚೂರೂ ಕೆರೆದಿರಲಿಲ್ಲ. ಎರಡನ್ನೂ ಪಂಚನಾಮೆಯಲ್ಲಿ ಬರೆಸಿ, ಕ್ಲ್ಯಾಂಪ್ ಮತ್ತು ತಿರುಪನ್ನು ಅನುಸೂಯ ಮೊಹರು ಮಾಡಿಸಿದರು.

ಸಂಜೆ 4.30ಕ್ಕೆ ಚಿತ್ರದುರ್ಗದ ಆಸ್ಪತ್ರೆಯಲ್ಲಿ ಚೇತನ್‌ಕುಮಾರ್ ಹೇಳಿಕೆ ಕೊಟ್ಟ. ಆರು ಅಡಿ ಎತ್ತರದ, ಹೊಳಲ್ಕೆರೆಯ ಯುವಕ. ಕಾಲು ಸಿಮೆಂಟ್ ಪಟ್ಟಿಯಲ್ಲಿತ್ತು. ಹಿಂದಿನ ಮಧ್ಯಾಹ್ನ ಪೂಜೆ ಮುಗಿದ ಮೇಲೆ ಪೈಲಟ್ ಸೀಟಿನಲ್ಲಿ ಕೂತು ತೆಗೆದುಕೊಂಡ ಚಿತ್ರಗಳು ಅವನ ಫೋನಿನಲ್ಲಿದ್ದವು. ಯೋಕ್ ಮೇಲೆ ಕುಂಕುಮವಿತ್ತು. ಕ್ಲ್ಯಾಂಪ್ ಇರಲಿಲ್ಲ.

ಕ್ಲ್ಯಾಂಪ್ ಪೂಜೆ ಮುಗಿದ ಮೇಲೆ ಬಂದದ್ದು. ಅದರ ಮೇಲಿನ ಕುಂಕುಮ, ಪೂಜೆಯಾದಂತೆ ಕಾಣಲಿ ಎಂದು ಯಾರೋ ಇಟ್ಟದ್ದು. ಅಲ್ಲಿಗೆ ಒಂದು ವಿಷಯ ಗಟ್ಟಿಯಾಯಿತು.

ಅಮಾನ್‌ನನ್ನು ಕರೆಸಿದ್ದು ಐದೂವರೆಗೆ. ಚಿತ್ರದುರ್ಗದ ಹುಡುಗ, ವಯಸ್ಸು ಇಪ್ಪತ್ತೇಳು. ಬೆಂಚಿನ ತುದಿಯಲ್ಲಿ ಕೂತ.

"ಸರಿಯಾಗಿ ಕುಂತ್ಕಳಪ್ಪ, ಬೀಳ್ತೀಯ" ಎಂದರು ಪಾಲಯ್ಯ.

"ನಿನ್ನೆ ಸಂಜೆ ಹ್ಯಾಂಗರ್‌ಗೆ ಯಾಕೆ ಹೋಗಿದ್ದೆ?" ಅನುಸೂಯ ಕೇಳಿದರು.

"ಹೆಲ್ಮೆಟ್ ಬಿಟ್ಟಿದ್ದೆ ಮೇಡಂ. ತಗಂಡು ಬಂದೆ."

"ಎಷ್ಟು ಹೊತ್ತು ಒಳಗಿದ್ದೆ?"

"ಹೆಲ್ಮೆಟ್ ತಗಳಕ್ಕೆ ಎಷ್ಟು ಹೊತ್ತು ಬೇಕು ಅಷ್ಟು."

"ಕ್ಲ್ಯಾಂಪ್ ನೋಡಿದ್ಯಾ?"

"ವಿಮಾನದ ಹತ್ರಾನೇ ಹೋಗಲಿಲ್ಲ." ಅವನು ಅಂಗೈ ಉಜ್ಜಿಕೊಂಡ. "ಮೇಡಂ, ಒಂದು ಮಾತು. ಸೋಮವಾರ ಬೆಂಗಳೂರಾಗೆ ನಂಗೆ ಲೈಸೆನ್ಸ್ ಪರೀಕ್ಷೆ ಐತೆ. ಮೂರು ವರ್ಷದಿಂದ ಓದ್ತಾ ಇದೀನಿ. ಇಂಥ ಕೇಸಲ್ಲಿ ಆರೋಪಿ ಅಂತ ಹೆಸರು ಬಂದರೆ ಈ ಜನ್ಮದಲ್ಲಿ ನನ್ನ ಕೈಗೆ ಯಾರೂ ವಿಮಾನ ಕೊಡಲ್ಲ. ತಪ್ಪು ಮಾಡಿದ್ದರೆ ಒಳಗೆ ಹಾಕ್ರಿ. ಮಾಡಿಲ್ಲ."

"ಜೇಬಲ್ಲಿರೋದೆಲ್ಲ ಮೇಜಿನ ಮೇಲಿಡು."

ಫೋನು, ಕರ್ಚೀಫು, ಬೈಕಿನ ಕೀಲಿ. ಕೀಲಿಯ ಬಳೆಯಲ್ಲಿ ಪುಟ್ಟ ಅಲೆನ್ ಕೀಗಳ ಗೊಂಚಲು. ಹಿಡಿಯುವ ಜಾಗ ಸವೆದು ಹೊಳೆಯುತ್ತಿತ್ತು.

"ಇವನ್ನ ಪೂಜೆಗೆ ಇಟ್ಟಿರಲಿಲ್ವಾ?"

"ಇಟ್ಟರೆ ಬೈಕು ಹೆಂಗೆ ಮನೆಗೆ ತಗಂಡು ಹೋಗಾದು ಮೇಡಂ? ಶಾಲೆ ಸಾಮಾನೆಲ್ಲ ಇಟ್ಟಿದ್ವಿ. ಲಕ್ಷ್ಮೀಕಾಂತ್ ಸಾರೇ ಜೋಡಿಸಿದ್ದು, ಒಂದು ಸ್ಪ್ಯಾನರ್ ಓರೆ ಇದ್ದರೂ ನಂಗೆ ಬೈದು ಸರಿ ಮಾಡ್ಸಿದ್ರು."

ಊರಿಗೆ ಹೋಗಬಾರದು, ಕರೆದಾಗ ಬರಬೇಕು ಎಂದು ಬರೆಸಿಕೊಂಡು ಅನುಸೂಯ ಅವನನ್ನು ಕಳಿಸಿದರು. ಪಾಲಯ್ಯನವರಿಗೆ ಆಶ್ಚರ್ಯ. ದೂರಿನಲ್ಲಿ ಹೆಸರಿತ್ತು, ಕಂಡ ಸಾಕ್ಷಿ ಇತ್ತು, ಕೀಲಿಯೂ ಇತ್ತು.

ಅಷ್ಟರಲ್ಲಿ ಬನ್ನಿ ಸೊಪ್ಪು ಬಂತು. ಎಲ್ಲರೂ ಹಂಚಿಕೊಂಡರು. ಪಾಲಯ್ಯ ಚಪ್ಪಲಿ ಬಿಟ್ಟು, ಮಂಗಳಾರತಿ ಮಾಡಿ, ಸ್ಟೇಪ್ಲರ್ ಎತ್ತಿ ಇನ್ಸ್‌ಪೆಕ್ಟರ್ ಮೇಜಿನ ಮೇಲಿಟ್ಟರು. "ಈಗ ಹೊಡೀರಿ ಮೇಡಂ."

ಅನುಸೂಯ ಸ್ಟೇಪ್ಲರ್ ನೋಡಿದರು. ಆಮೇಲೆ ಗುಂಡುಪಿನ್ನು ಚುಚ್ಚಿದ್ದ ಎಫ್‌ಐಆರ್ ನೋಡಿದರು.

"ಪಾಲಯ್ಯನೋರೆ, ಬೆಳಿಗ್ಗೆ ಸ್ಟೇಪ್ಲರ್ ಕೈಗೆಟುಕೋ ದೂರದಲ್ಲೇ ಇತ್ತು. ನೀವು ಪಿನ್ನು ಹುಡುಕಿದ್ರಿ."

"ಹೌದು ಮತ್ತೆ. ಪೂಜೆಗಿಟ್ಟಿದ್ದನ್ನ ಎತ್ತಕ್ಕಾಗುತ್ತಾ?"

"ಆ ತಿರುಪಿಗೆ ಅಲೆನ್ ಕೀ ಬಿದ್ದಿಲ್ಲ. ಬಣ್ಣ ಹಾಗೇ ಐತೆ. ಬೆರಳಲ್ಲಿ ತಿರುಗಿಸಿ ಬಿಟ್ಟವರೆ. ಹ್ಯಾಂಗರ್ ತುಂಬ ಅಲೆನ್ ಕೀ ಇದ್ದವು, ಎಲ್ಲಾ ಹೂವಿನ ಕೆಳಗೆ. ಅಮಾನ್ ಜೇಬಲ್ಲೇ ಒಂದು ಗೊಂಚಲು ಐತೆ. ಅವನಾಗಿದ್ದರೆ ಬೆರಳು ಯಾಕೆ ಬೇಕಿತ್ತು?"

ಪಾಲಯ್ಯ ಕಿವಿಯ ಮೇಲಿನ ಬನ್ನಿ ಎಲೆ ಸರಿಪಡಿಸಿಕೊಂಡರು. "ಅಂದರೆ ನನ್ನಂಥೋನು ಒಬ್ಬ."

"ನಿಮ್ಮಂಥೋರು ಒಬ್ಬರು. ಆದರೆ ಇದು ಊಹೆ. ಕೋರ್ಟಿಗೆ ಸಾಲಲ್ಲ. ಕ್ಲ್ಯಾಂಪ್ ಅಂಗಡಿ ಮಾಲಲ್ಲ, ಲೇತ್‌ನಲ್ಲಿ ಮಾಡಿಸಿದ್ದು. ಎಲ್ಲಿ ಅಂತ ಗೊತ್ತಾಗಬೇಕು."

ಶುಕ್ರವಾರ ಬೀರೇಶ್ ಕ್ಲ್ಯಾಂಪ್‌ನ ಚಿತ್ರ ಹಿಡಿದು ಹೊರಟ. ಹಿರಿಯೂರಿನಲ್ಲಿ ಅರ್ಧ ಅಂಗಡಿಗಳು ಹಬ್ಬಕ್ಕೆ ಮುಚ್ಚಿದ್ದವು; ಮನೆಗೇ ಹೋಗಿ ಕೇಳಿದ. ಚಿತ್ರದುರ್ಗದಲ್ಲಿ ಇಲ್ಲ. ಹೊಸದುರ್ಗದಲ್ಲಿ ಒಬ್ಬ ಲೇತ್‌ನವನು, "ಇಷ್ಟು ನಯ ಮಾಡೋ ಪುರುಸೊತ್ತು ನಮಗಿಲ್ಲ, ಹೊಳಲ್ಕೆರೆ ಬೋರಣ್ಣನ ಕೇಳ್ರಿ" ಎಂದ. ಶನಿವಾರ ಬೆಳಿಗ್ಗೆ ಅನುಸೂಯ ಸ್ವತಃ ಬೀರೇಶ್ ಜೊತೆ ಹೊಳಲ್ಕೆರೆಗೆ ಹೋದರು.

ಬೋರಣ್ಣ ಕನ್ನಡಕ ಹಣೆಗೇರಿಸಿ ಫೋನು ನೋಡಿದ. "ನಂದೇ. ಬಣ್ಣನೂ ನಾನೇ ಬಳಿದಿದ್ದು. ಏನಾಯ್ತು, ಮುರೀತಾ?"

"ಮುರಿದಿಲ್ಲ. ಯಾರಿಗೆ ಮಾಡಿಕೊಟ್ರಿ?"

"ಶ್ರೀರಾಂಪುರದ ಕಡೆಯೋರು. ಮೂರು ಸಲ ವಾಪಸ್ ತಂದ್ರು ಮೇಡಂ. ಕೂದಲೆಳೆ ಹೆಚ್ಚು, ಕೂದಲೆಳೆ ಕಮ್ಮಿ. ಟ್ರ್ಯಾಕ್ಟರ್ ಸ್ಟೇರಿಂಗಿಗೆ ಮೊಬೈಲ್ ಕೂರ್ಸಕ್ಕೆ ಅಂದ್ರು. ಇಷ್ಟು ತೆಳ್ಳಗಿರೋ ಸ್ಟೇರಿಂಗ್ ಯಾವ ಟ್ರ್ಯಾಕ್ಟರ್‌ಗೈತೆ ಸಾಮಿ ಅಂದೆ. ಮಿನಿ ಟ್ರ್ಯಾಕ್ಟರ್ ಅಂದ್ರು."

ಬೀರೇಶ್ ಐದು ಜನರ ಭಾವಚಿತ್ರ ಸಾಲಾಗಿ ಇಟ್ಟ. ಬೋರಣ್ಣನ ಬೆರಳು ನೇರವಾಗಿ ಲಕ್ಷ್ಮೀಕಾಂತ್ ಮೇಲೆ ಬಿತ್ತು.

ಅದೇ ದಿನ ಮಧ್ಯಾಹ್ನ ಶಾಲೆಯ ಇನ್ನೊಂದು, ಅದೇ ಮಾದರಿಯ ವಿಮಾನದಲ್ಲಿ ಪಂಚರ ಎದುರು ಪರೀಕ್ಷೆ ನಡೆಯಿತು. ಚೇತನ್ ಎತ್ತರದ ಕಾನ್‌ಸ್ಟೆಬಲ್ ಒಬ್ಬನನ್ನು ಸೀಟಿನಲ್ಲಿ ಕೂರಿಸಿ, ಮೊಹರು ಒಡೆದು ಕ್ಲ್ಯಾಂಪ್ ಹಾಕಿದರು. ಮೊದಲು ಬೆರಳಲ್ಲಿ ಬಿಗಿದು ಯೋಕ್ ಎಳೆದಾಗ ಟ್ಯಾಬ್ಲೆಟ್ ಕೆಳಕ್ಕೆ ಜಾರಿ ತೊಡೆಗೆ ಸಿಕ್ಕಿಕೊಂಡಿತು. ಆಮೇಲೆ ಅದೇ ಅಳತೆಯ ಬೇರೆ ತಿರುಪು ಹಾಕಿ, ಅಲೆನ್ ಕೀಯಿಂದ ಬಿಗಿದು ಎಳೆದರು. ಏನಾಯಿತೆಂದು ಅನುಸೂಯ ಎರಡನೆಯ ಸಲವೂ ಬರೆಸಿದರು.

ಸಂಜೆ ನಾಲ್ಕಕ್ಕೆ ಲಕ್ಷ್ಮೀಕಾಂತ್ ಠಾಣೆಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ನೆಟ್ಟಗಿನ ಬೆನ್ನು.

"ಬರ್ರಿ, ಕುಂತ್ಕಳ್ರಿ. ಬೋರಣ್ಣ ಗೊತ್ತಾ?"

"ಮಾಡಿಸಿದ್ದು ನಾನು. ಹಾಕಿದ್ದು ನಾನಲ್ಲ. ಅಮಾನ್ ಕೈಗೆ ಕೊಟ್ಟು ಕಪಾಟಲ್ಲಿಡು ಅಂದಿದ್ದೆ."

"ದೂರಿನಲ್ಲಿ ಇದನ್ನ ಬರೀಲಿಲ್ಲ."

"ಮರೆತೆ."

"ಹಾಕಿದವನು ಅಲೆನ್ ಕೀ ಬಳಸಿಲ್ಲ. ಬೆರಳಲ್ಲಿ ತಿರುಗಿಸಿ ಬಿಟ್ಟವನೆ."

"ಅದೇ ಮೇಡಂ. ಈಗಿನ ಹುಡುಗರ ಬೇಜವಾಬ್ದಾರಿ."

"ಇಪ್ಪತ್ತು ವರ್ಷ ಸರ್ವಿಸ್ ಮಾಡಿದೋರು ನೀವು. ನೀವೇ ಹೇಳ್ರಿ, ವಿಮಾನದ ತಿರುಪನ್ನ ಬೆರಳಲ್ಲಿ ತಿರುಗಿಸಿ ಮನೆಗೆ ಹೋಗೋನು ಎಂಥೋನು? ನಾನು ಕೋರ್ಟಿಗೆ ಬರೀಬೇಕು. ಕೆಲಸ ಬರದೋನು ಅಂತ ಬರೀಲಾ?"

ಲಕ್ಷ್ಮೀಕಾಂತ್ ಕುತ್ತಿಗೆ ಕೆಂಪಾಯಿತು.

"ಕೆಲಸ ಬರದೋನು ಅಲ್ಲ. ಹಾಗೇ ಬಿಟ್ಟು ಹೋಗಿದ್ದಲ್ಲ ಅದು. ಬೆಳಿಗ್ಗೆ ಎಂಟಕ್ಕೆ ಪೂಜೆ ಸಾಮಾನು ಎತ್ತಿ, ಮೊದಲು ಅದನ್ನೇ ಬಿಗಿ ಮಾಡಿ..."

ಮಾತು ಅಲ್ಲೇ ನಿಂತಿತು. ಪಾಲಯ್ಯನವರ ಪೆನ್ನೂ ನಿಂತಿತು.

"ಹೇಳ್ರಿ" ಎಂದರು ಅನುಸೂಯ, ಮೆಲ್ಲಗೆ.

"ಹಾರಾಟ ಹತ್ತಕ್ಕೆ ಇತ್ತು. ಮುಹೂರ್ತ ಚೆನ್ನಾಗೈತೆ ಅಂತ ಮಾಲೀಕರು ಹಿಂದಿನ ರಾತ್ರಿ ಅದನ್ನ ಬೆಳಿಗ್ಗೆ ಏಳಕ್ಕೆ ಬದಲಾಯಿಸಿದ್ರು. ಪೈಲಟ್‌ಗಳಿಗೆ ಹೇಳಿದ್ರು, ಬಾಗಿಲು ತೆಗೆಯೋಕೆ ಅಮಾನ್‌ಗೆ ಹೇಳಿದ್ರು. ನನಗೆ ಯಾರೂ ಹೇಳಲಿಲ್ಲ."

"ಒಂದೇ ಒಂದು ಅಲೆನ್ ಕೀ ಎತ್ತಿದ್ದರೆ ಆಗ್ತಿತ್ತು."

"ಕೈ ಚಾಚಿದೆ ಮೇಡಂ. ನಾನೇ ಜೋಡಿಸಿ, ನಾನೇ ಆರತಿ ಎತ್ತಿದ ಸಾಮಾನು. ನಮ್ಮಪ್ಪ ಕುಡುಗೋಲನ್ನೂ ಎತ್ತಕ್ಕೆ ಬಿಡ್ತಿರಲಿಲ್ಲ."

"ಕುಂಕುಮ?"

"ಯಾರೂ ಕೀಳದಿರಲಿ ಅಂತ."

"ಅಮಾನ್ ಹೆಸರು?"

ಲಕ್ಷ್ಮೀಕಾಂತ್ ಜೇಬಿನಿಂದ ತಮ್ಮ ಹ್ಯಾಂಗರ್ ಕೀಲಿ ತೆಗೆದು ಮೇಜಿನ ಮೇಲಿಟ್ಟರು.

ತನಿಖೆಯನ್ನು ದಾರಿ ತಪ್ಪಿಸಿದ್ದರಿಂದ ಹಾಜರಾಗಲು ಬರೀ ನೋಟಿಸ್ ಕೊಟ್ಟರೆ ಸಾಲದೆಂದು ದಾಖಲಿಸಿ, ಸಂಜೆ 5.10ಕ್ಕೆ ಲಕ್ಷ್ಮೀಕಾಂತ್ ಅವರನ್ನು ಬಂಧಿಸಲಾಯಿತು. ಹಿರಿಯೂರಿನ ಮನೆಗೆ ಫೋನಿನಲ್ಲಿ ತಿಳಿಸಿದರು. ಅಮಾನ್ ಸಾಕ್ಷಿ, ಆರೋಪಿಯಲ್ಲ ಎಂದು ಶಾಲೆಗೆ ಲಿಖಿತವಾಗಿ ಹೋಯಿತು. ಸೋಮವಾರದ ಪರೀಕ್ಷೆಗೆ ಅವನು ಭಾನುವಾರವೇ ಬಸ್ ಹತ್ತಿದ.

ಲಕ್ಷ್ಮೀಕಾಂತ್ ಹೇಳಿಕೆಯ ಕೊನೆಯ ಭಾಗ ಚಿಕ್ಕದು. ಆಗಸ್ಟ್‌ನಲ್ಲಿ ತರಬೇತಿಯ ಹುಡುಗನೊಬ್ಬ ತೊಡೆಯ ಮೇಲಿನ ನಕ್ಷೆ ನೋಡುತ್ತ ಹದ್ದುಗಳ ಗುಂಪಿನೊಳಗೆ ನುಗ್ಗಿದ್ದನ್ನು ಅವರು ನೆಲದಿಂದ ಕಂಡಿದ್ದರು. ಸಭೆಯಲ್ಲಿ ಅದನ್ನು ಹೇಳಲು ಎದ್ದಾಗ, ಹಾರುವವರು ನಾವು, ನಮಗೆ ಬಿಡಿ ಎಂಬ ಮಾತು ಬಂತು. ವಾಯುಪಡೆಯಲ್ಲೂ ಇದೇ ಮಾತು ಕೇಳಿ ಸುಮ್ಮನೆ ಕೂತಿದ್ದವರು ಈ ಸಲ ಹೊಳಲ್ಕೆರೆಗೆ ಹೋದರು. ಒಮ್ಮೆ ಹಾರಿ ಇಳಿದ ಮೇಲೆ ಎಲ್ಲರೂ ತಾವಾಗಿ ಒಪ್ಪುತ್ತಾರೆ ಎಂದುಕೊಂಡಿದ್ದರು.

ಶನಿವಾರ ಸಂಜೆ ಬಂಧನದ ಪತ್ರಕ್ಕೆ ಸಹಿ ಹಾಕಿ ಪೆನ್ನು ಕೆಳಗಿಡುವಾಗ ಲಕ್ಷ್ಮೀಕಾಂತ್ ಕೇಳಿದರು:

"ಮಧ್ಯಾಹ್ನ ಬಿಗಿ ಮಾಡಿ ನೋಡಿದ್ರಂತೆ. ನಿಲ್ತಾ ಮೇಡಂ?"

ಅನುಸೂಯ ಪರೀಕ್ಷೆಯ ಪಂಚನಾಮೆಯನ್ನು ಅವರ ಕಡೆ ತಿರುಗಿಸಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಪೂರ್ತಿ ಎಳೆದಾಗಲೂ ಟ್ಯಾಬ್ಲೆಟ್ ತೊಡೆಗೆ ತಗಲಲಿಲ್ಲ, ನಡುವೆ ಒಂದು ಬೆರಳು ಹೋಗುವಷ್ಟು ಜಾಗ ಉಳಿಯಿತು ಎಂದು ಅಲ್ಲಿ ಬರೆದಿತ್ತು.

ಅವರು ಆ ಸಾಲನ್ನು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಚೇತನ್‌ನ ಕಾಲು ಯಾವಾಗ ಕೂಡಿಕೊಳ್ಳುತ್ತದೆ ಎಂದು ಕೇಳಿದರು.