ಪ್ರೋಗ್ರಾಮರಿನ ಸಡಿಲ ತಂತಿ

ಆಸ್ಪತ್ರೆಯಲ್ಲಿ ಹಸುಗೂಸಿಗೆ ಶಾಖ ಕೊಡುವ ಯಂತ್ರ ಕೆಟ್ಟಿತ್ತು. ಅದರ ಚಿಪ್‌ಗೆ ಹೊಸದಾಗಿ ಪ್ರೋಗ್ರಾಂ ತುಂಬಲು, ಅಲ್ಲಿನ ಯಂತ್ರಗಳ ರಿಪೇರಿ ನೋಡಿಕೊಳ್ಳುವ ನನ್ನ ಸೊಸೆ ಮಧ್ಯಾಹ್ನವಿಡೀ ಒದ್ದಾಡಿದಳು. ಕಂಪ್ಯೂಟರಿನಿಂದ ಚಿಪ್‌ಗೆ ಪ್ರೋಗ್ರಾಂ ಇಳಿಸುವ ಪುಟ್ಟ ಸಾಧನ, ಯುಎಸ್‌ಬಿ ಪ್ರೋಗ್ರಾಮರ್, ಕೈಕೊಡುತ್ತಿತ್ತು. ಅದರ ತಂತಿಯನ್ನು ಬುಡದಲ್ಲಿ ಒತ್ತಿ ಹಿಡಿದರಷ್ಟೇ ಹಸಿರು ದೀಪ ಹತ್ತುತ್ತಿತ್ತು. ನಾನೇ ಹಿಡಿದು ಕೂತೆ.

"ಅಲ್ಲಾಡಬೇಡಿ ಅತ್ತೆ, ಇದೊಂದೇ ಚಿಪ್ ಉಳಿದಿರೋದು."

"ನಲವತ್ತು ವರ್ಷ ನಿನ್ನ ಮಾವನ ಗೊರಕೆ ಪಕ್ಕ ಮಲಗಿದವಳು, ಅಲ್ಲಾಡ್ತೀನಾ?"

ಬೆರಳಡಿ ತಂತಿ ಮಂಜುಗಡ್ಡೆಯಂತೆ ತಣ್ಣಗಾಯಿತು. ತಾಳಲಾರದೆ ಕೈ ತೆಗೆದು ಹಿಂದೆ ಸರಿದೆ. ದೀಪ ಆರಲಿಲ್ಲ. ತಂತಿ ಇನ್ನೂ ಯಾರೋ ಒತ್ತಿ ಹಿಡಿದಂತೆಯೇ ಬಾಗಿತ್ತು.

"ಹಾಗೇ ಹಿಡ್ಕೊಂಡಿರಿ ಅತ್ತೆ, ಇನ್ನೇನು ಮುಗೀತು," ಅಂದಳು, ಪರದೆಯಿಂದ ಕಣ್ಣು ಕೀಳದೆ. ನಾನು ಮೆಲ್ಲಗೆ ಬಾಗಿಲವರೆಗೂ ಸರಿದೆ.

ಸಂಜೆಗೆ ಯಂತ್ರ ಬೆಚ್ಚಗಾಯಿತು, ಕೂಸು ಉಳಿಯಿತು. ಅತ್ತೆ ಬೆರಳು ತೆಗೆಯಲೇ ಇಲ್ಲವೆಂದು ಸೊಸೆ ಇಂದಿಗೂ ಹೊಗಳುತ್ತಾಳೆ. ಕೊನೆಯ ಐದು ನಿಮಿಷ ನಾನು ಬಾಗಿಲ ಹತ್ತಿರ ನಿಂತಿದ್ದೆ.