ತಡವಾಗಿ ಬರುವ ಚಿತ್ರ

"ಅಮ್ಮಾ, ಅದು ಸತ್ತೋಗಿದ್ಯಾ?"

ಅಮ್ಮ ಉತ್ತರ ಕೊಡಲಿಲ್ಲ. ಕ್ಯಾಮೆರಾದ ಕೇಬಲ್ಲನ್ನು ಬೆನ್ನ ಮೇಲಿನ ಬ್ಯಾಗಿಗೆ ಸಿಕ್ಕಿಸುತ್ತಿದ್ದಳು.

"ಅಮ್ಮಾ! ಸತ್ತೋಗಿದ್ಯಾ ಅಂತ ಕೇಳ್ದೆ."

ಅಮ್ಮ ತಲೆಯೆತ್ತಿ ನೋಡಿದಳು. ರಸ್ತೆ ಬದಿಯ ದೊಡ್ಡ ಮಳೆಮರದ ತುದಿಯಲ್ಲಿ ಒಂದು ಹದ್ದು ತಲೆಕೆಳಗಾಗಿ ನೇತಾಡುತ್ತಿತ್ತು. ಯಾರೋ ಹಾರಿಸಿದ ಗಾಳಿಪಟದ ಮಾಂಜಾ ದಾರ ಅದರ ರೆಕ್ಕೆಗೆ ಸುತ್ತಿಕೊಂಡಿತ್ತು. ಮರದ ಕೆಳಗೆ ಫೈರ್ ಇಂಜಿನ್ ಬಂದು ನಿಂತಿತ್ತು. ಅದರ ಸುತ್ತ ಜಯನಗರದ ಅರ್ಧ ಜನ ಸೇರಿದ್ದರು.

"ಇಲ್ಲ ಪುಟ್ಟಾ," ಎಂದಳು ಅಮ್ಮ ಕೊನೆಗೆ. "ಈಗ ತಾನೆ ಕತ್ತು ತಿರುಗಿಸ್ತು, ನೋಡು."

ಅಮ್ಮ ಯಾವಾಗಲೂ ಹೀಗೇ. ಏನು ಕೇಳಿದರೂ ಮೊದಲು ಸುಮ್ಮನೆ ನಿಲ್ಲುತ್ತಾಳೆ, ಆಮೇಲೆ ಮಾತಾಡುತ್ತಾಳೆ. ಅಷ್ಟರಲ್ಲಿ ಮಗಳು ಪ್ರಕೃತಿ ಅದೇ ಪ್ರಶ್ನೆಯನ್ನು ಎರಡು ಸಲ ಕೇಳಿ, ಮೂರನೇ ಸಲಕ್ಕೆ ಕಿರುಚಿ ಆಗಿರುತ್ತದೆ. ಅಡುಗೆಮನೆಯಲ್ಲಿ ಸೀತಾಲಕ್ಷ್ಮಿ ಅಜ್ಜಿ, "ಚಟ್ನಿಗೆ ಉಪ್ಪು ಸಾಕೇನೇ?" ಎಂದು ಕೇಳಿದರೂ ಅಷ್ಟೆ. "ನಿಮ್ಮಮ್ಮನ ಹತ್ರ ಮಾತಾಡೋದು ಅಂದ್ರೆ ಹಿಂದಿನ ಕಾಲದಲ್ಲಿ ಅಮೆರಿಕಾಗೆ ಫೋನ್ ಮಾಡಿದ ಹಾಗೆ," ಎಂದು ಅಜ್ಜಿ ನಗುತ್ತಾರೆ. ಪ್ರಕೃತಿಗೆ ಮಾತ್ರ ನಗು ಬರುವುದಿಲ್ಲ.

ಇದೆಲ್ಲ ಆ ಬ್ಯಾಗಿನಿಂದಲೇ ಆದದ್ದು ಎಂದು ಅವಳ ಲೆಕ್ಕ.

ಅಮ್ಮ ಟೀವಿ ಚಾನೆಲ್ಲಿನಲ್ಲಿ ಕ್ಯಾಮೆರಾ ಕೆಲಸ ಮಾಡುತ್ತಾಳೆ. ಹಿಂದೆಲ್ಲ ಲೈವ್ ಕೊಡಬೇಕಾದರೆ ತಲೆ ಮೇಲೆ ದೊಡ್ಡ ತಟ್ಟೆ ಹೊತ್ತ ವ್ಯಾನು ಬರಬೇಕಿತ್ತಂತೆ. ಈಗ ಈ ಕಪ್ಪು ಬ್ಯಾಗ್ ಇದ್ದರೆ ಸಾಕು. ಅದರೊಳಗೆ ಬೇರೆ ಬೇರೆ ಕಂಪನಿಯ ಸಿಮ್ಮುಗಳಿವೆ. ಕ್ಯಾಮೆರಾ ನೋಡಿದ್ದನ್ನು ಬ್ಯಾಗ್ ಚೂರು ಚೂರು ಮಾಡಿ, ಒಂದೊಂದು ಚೂರನ್ನು ಒಂದೊಂದು ಸಿಮ್ಮಿನ ಮೇಲೆ ಆಫೀಸಿಗೆ ಕಳಿಸುತ್ತದೆ.

"ಅಲ್ಲಿ ಹೋಗಿ ಮತ್ತೆ ಸೇರ್ಕೊಳುತ್ತೆ," ಎಂದು ಅಮ್ಮ ಒಮ್ಮೆ ವಿವರಿಸಿದ್ದಳು. "ಒಂದೇ ಮನೆಯವರು ಮದುವೆಗೆ ಬೇರೆ ಬೇರೆ ಆಟೋದಲ್ಲಿ ಹೋದ ಹಾಗೆ. ಎಲ್ಲಾರೂ ಬರೋ ತನಕ ಗ್ರೂಪ್ ಫೋಟೋ ತೆಗೆಯಲ್ಲ ಅಲ್ವಾ? ಅದಕ್ಕೇ ಟೀವಿಲಿ ಸ್ವಲ್ಪ ಲೇಟು. ಫೋನಲ್ಲಿ ನೋಡಿದ್ರೆ ಇನ್ನೂ ಲೇಟು."

"ಲೇಟಾದ್ರೆ ಅದು ಲೈವ್ ಹೇಗಮ್ಮ?"

ಅಮ್ಮ ಆಗಲೂ ಸುಮ್ಮನೆ ನಿಂತಿದ್ದಳು. ಪ್ರಕೃತಿ ಬೇಸತ್ತು ಆಡಲು ಓಡಿಹೋಗಿದ್ದಳು. ಉತ್ತರ ಬಂತೋ ಇಲ್ಲವೋ ಅವಳಿಗೆ ಗೊತ್ತಿಲ್ಲ.

ಇವತ್ತು ಪ್ರಕೃತಿ ಇಲ್ಲಿ ಇರಬೇಕಾದವಳೇ ಅಲ್ಲ. ಶಾಲೆಗೆ ನೀರಿನ ಟ್ಯಾಂಕರ್ ಬಂದಿರಲಿಲ್ಲ. ಬಾತ್‌ರೂಮಿನಲ್ಲಿ ಒಂದು ಹನಿಯೂ ನೀರಿಲ್ಲದೆ ಮೊದಲ ಪೀರಿಯಡ್ಡಿಗೇ ಎಲ್ಲರನ್ನೂ ಮನೆಗೆ ಕಳಿಸಿದ್ದರು. ಅಜ್ಜಿ ವಿಲ್ಸನ್ ಗಾರ್ಡನ್ನಿನಲ್ಲಿರುವ ತಂಗಿ ಮನೆಗೆ ಹೋಗಿದ್ದರು. ಅಪ್ಪ ಹುಬ್ಬಳ್ಳಿಗೆ ಹೋಗಿದ್ದರು. ಅಮ್ಮ ಶಾಲೆಗೆ ಬಂದು ಅವಳನ್ನು ಸ್ಕೂಟರ್ ಹತ್ತಿಸಿಕೊಳ್ಳುವ ಹೊತ್ತಿಗೇ ಆಫೀಸಿನಿಂದ ಫೋನ್ ಬಂದಿತ್ತು. ಹದ್ದು, ಮರ, ಲೈವ್, ಬೇಗ.

ಲೈವ್ ನೋಡಿಕೊಳ್ಳುವವರು ನರೇಂದ್ರ ಸಾರ್. ಸ್ಪಾಟಿಗೆ ಮಕ್ಕಳನ್ನು ಕರೆದುಕೊಂಡು ಹೋಗಲೇಬಾರದು ಎಂದು ಅವರು ಎಲ್ಲರಿಗೂ ಹೇಳಿದ್ದರು. ಹೋದ ತಿಂಗಳು ಒಬ್ಬ ಕ್ಯಾಮೆರಾ ಅಂಕಲ್ಲಿನ ಮಗ ಲೈವ್ ನಡೆಯುವಾಗ ಹಿಂದೆ ನಿಂತು ಡ್ಯಾನ್ಸ್ ಮಾಡಿಬಿಟ್ಟಿದ್ದ. ಆ ಅಂಕಲ್ ಈಗ ಹೊರಗೆ ಹೋಗುವುದಿಲ್ಲ. ಸ್ಟೋರ್ ರೂಮಿನಲ್ಲಿ ಕೂತು ಕೇಬಲ್ ಸುತ್ತುತ್ತಾರೆ.

ಅಮ್ಮನಿಗೆ ಕೇಬಲ್ ಸುತ್ತಲು ಇಷ್ಟವಿಲ್ಲ. ಪ್ರಕೃತಿಗೂ ಅದು ಗೊತ್ತು.

"ಈ ಕಟ್ಟೆ ಮೇಲೆ ಕೂತ್ಕೋ," ಎಂದಳು ಅಮ್ಮ. "ಲೈವ್ ಮುಗಿಯೋವರ್ಗೂ ಏಳಬೇಡ. ನೀನು ಯಾರಿಗೂ ಕಾಣಿಸ್ಕೋಬಾರ್ದು. ಅದೂ ಈ ಟೀ ಶರ್ಟಲ್ಲಿ!"

ಬುಧವಾರ. ಶಾಲೆಯಲ್ಲಿ ಹೌಸ್ ಟೀ ಶರ್ಟಿನ ದಿನ. ಪ್ರಕೃತಿಯದು ಯೆಲ್ಲೋ ಹೌಸ್. ಅರಿಶಿನದ ಡಬ್ಬಿಗೆ ಬಿದ್ದು ಎದ್ದು ಬಂದ ಹಾಗಿದ್ದಳು.

ಅಮ್ಮ ತನ್ನ ಫೋನನ್ನು ಅವಳ ಕೈಗೆ ಕೊಟ್ಟು, ಆಫೀಸಿನ ಫೋನಿನ ಇಯರ್‌ಫೋನನ್ನು ತಾನು ಕಿವಿಗೆ ಸಿಕ್ಕಿಸಿಕೊಂಡಳು. ವರದಿಗಾರ ದೀಪಕ್ ಅಂಕಲ್ ಕನ್ನಡಿ ಇಲ್ಲದೆಯೇ ಕೂದಲು ಬಾಚಿಕೊಂಡು ಮೈಕ್ ಹಿಡಿದು ನಿಂತರು.

ವಾಕಿಂಗ್ ಬಂದಿದ್ದ ಒಬ್ಬ ತಾತ ಅಮ್ಮನ ಹತ್ತಿರ ಬಂದರು. "ಯಾವ ಚಾನೆಲ್ಲಮ್ಮಾ? ನನ್ನ ಮುಖ ಬರುತ್ತಾ?"

ಅಮ್ಮ ಲೆನ್ಸ್ ಪೂರ್ತಿ ಒರೆಸಿ ಮುಗಿಸಿದಳು. "ಇವತ್ತು ಹದ್ದಿನ ಮುಖ ಬರುತ್ತೆ ಸಾರ್."

"ಹೋಗ್ಲಿ ಬಿಡು. ನಾನು ನೇತಾಡ್ದಾಗ ಬಾ," ಎಂದು ತಾತ ಹಿಂದೆ ಸರಿದು ನಿಂತರು.

ಲೈವ್ ಶುರುವಾಯಿತು. ಪ್ರಕೃತಿ ಫೋನಿನಲ್ಲಿ ಚಾನೆಲ್ ಹಾಕಿದಳು. ಫೋನಿನೊಳಗೂ ಅದೇ ಮರ, ಅದೇ ಹದ್ದು, ಅದೇ ಫೈರ್ ಇಂಜಿನ್. ಚಿತ್ರ ಒಂದಿಷ್ಟೂ ಅಲುಗುತ್ತಿರಲಿಲ್ಲ. ಅಷ್ಟು ಭಾರದ ಬ್ಯಾಗು ಬೆನ್ನ ಮೇಲೆ, ಕ್ಯಾಮೆರಾ ಹೆಗಲ ಮೇಲೆ. ಆದರೂ ಅಮ್ಮನ ಕೈ ಅಂದರೆ ಗೋಡೆಗೆ ಹೊಡೆದ ಮೊಳೆ.

ಕೆಂಪು ಏಣಿ ಮೇಲಕ್ಕೆ ಹೋಯಿತು. ಅದರ ತುದಿಯಲ್ಲಿ ನಿಂತ ಫೈರ್ ಅಂಕಲ್ ಹದ್ದಿನ ಮೇಲೆ ನಿಧಾನವಾಗಿ ಟವೆಲ್ ಹಾಕಿದರು. ದಾರ ಕತ್ತರಿಸಿದರು. ಜನ "ಹೋ!" ಎಂದರು. ಏಣಿ ಇಳಿಯತೊಡಗಿತು. ಕೆಳಗೆ ಚೈತ್ರ ಅನ್ನುವ ಅಕ್ಕ ರಟ್ಟಿನ ಪೆಟ್ಟಿಗೆ ಹಿಡಿದು ಕಾಯುತ್ತಿದ್ದಳು. ಪೆಟ್ಟು ತಿಂದ ಹಕ್ಕಿಗಳನ್ನು ಆಸ್ಪತ್ರೆಗೆ ಒಯ್ಯುವುದೇ ಅವಳ ಕೆಲಸ.

ಅಷ್ಟರಲ್ಲಿ ಜನ ಒತ್ತಿಕೊಂಡು ಮುಂದೆ ಬಂದರು. ಕಟ್ಟೆಯಿಂದ ಬರೀ ಬೆನ್ನುಗಳು ಕಾಣತೊಡಗಿದವು. ಚೆಕ್ಸ್ ಶರ್ಟಿನ ಬೆನ್ನು, ಸೀರೆಯ ಬೆನ್ನು, ಡೆಲಿವರಿ ಅಣ್ಣನ ಬೆನ್ನು.

ರಸ್ತೆಯ ಆ ಬದಿಗೆ ಒಂದು ಗಿಡ್ಡ ಕಾಂಪೌಂಡ್ ಗೋಡೆ ಇತ್ತು. ಅಲ್ಲಿ ಯಾರೂ ಇರಲಿಲ್ಲ. ಅಲ್ಲಿಗೆ ಹೋದರೆ ಹದ್ದು ಎದುರಿಗೇ ಸಿಗುತ್ತದೆ. ಆದರೆ ಹೋಗಬೇಕಾದರೆ ಕ್ಯಾಮೆರಾದ ಮುಂದೆಯೇ ದಾಟಬೇಕು.

ಪ್ರಕೃತಿ ಫೋನ್ ನೋಡಿದಳು. ಫೋನಿನಲ್ಲಿ ಏಣಿ ಇನ್ನೂ ಮರದ ತುದಿಯಲ್ಲೇ ಇತ್ತು. ಅಂದರೆ ಅಮ್ಮನ ಕ್ಯಾಮೆರಾ ಮೇಲೆ ನೋಡುತ್ತಿದೆ. ಮೇಲೆ ನೋಡುತ್ತಿದ್ದರೆ ಕೆಳಗೆ ಓಡಿದವಳು ಕಾಣುವುದು ಹೇಗೆ?

ಅವಳು ಕಟ್ಟೆಯಿಂದ ಜಿಗಿದಳು. ತಲೆ ಬಗ್ಗಿಸಿ, ಬೆನ್ನುಗಳ ಸಂದಿಯಲ್ಲಿ ನುಸುಳಿ, ದೀಪಕ್ ಅಂಕಲ್ ಪಕ್ಕದಲ್ಲೇ ಓಡಿ ಗೋಡೆ ಮುಟ್ಟಿದಳು. "ಯಾರೂ ನೋಡ್ಲಿಲ್ಲ," ಎಂದುಕೊಂಡು ತಿರುಗಿದಳು.

ಅಮ್ಮನ ಕ್ಯಾಮೆರಾ ಮರದ ತುದಿಯ ಕಡೆಯೇನೋ ಇತ್ತು. ಆದರೆ ಏಣಿ ಅಲ್ಲಿರಲಿಲ್ಲ. ಏಣಿ ಆಗಲೇ ಪೂರ್ತಿ ಕೆಳಗೆ ಇಳಿದಿತ್ತು.

ಪ್ರಕೃತಿ ಫೋನ್ ನೋಡಿದಳು. ಫೋನಿನಲ್ಲಿ ಏಣಿ ಈಗಷ್ಟೇ ಇಳಿಯಲು ಶುರು ಮಾಡಿತ್ತು. ಕ್ಯಾಮೆರಾ ಅದರ ಜೊತೆಗೇ ನಿಧಾನವಾಗಿ ಕೆಳಗೆ ಬರುತ್ತಿತ್ತು.

ಅವಳು ಏಣಿಯನ್ನೊಮ್ಮೆ, ಫೋನನ್ನೊಮ್ಮೆ ನೋಡಿದಳು.

ಮದುವೆ ಮನೆ. ಆಟೋಗಳು. ಎಲ್ಲರೂ ಬರುವ ತನಕ ಫೋಟೋ ತೆಗೆಯುವುದಿಲ್ಲ. ಫೋನಿನಲ್ಲಿ ಕಾಣುವುದು ಈಗಿನದಲ್ಲ, ಆಗಲೇ ಆಗಿಹೋದದ್ದು. ಅವಳು ಓಡಿದಾಗ ಕ್ಯಾಮೆರಾ ಕೆಳಗೇ ಇತ್ತು. ಅವಳ ಕಡೆಗೇ ಇತ್ತು. ಅವಳು ಓಡಿ ಮುಗಿಸಿದ್ದಾಳೆ. ಆದರೆ ಆ ಓಟ ಇನ್ನೂ ಫೋನಿಗೆ ಬಂದಿಲ್ಲ. ಎಲ್ಲೋ ಗಾಳಿಯಲ್ಲಿ, ಚೂರು ಚೂರಾಗಿ, ಹಳದಿ ಹಳದಿಯಾಗಿ, ಬರುತ್ತಾ ಇದೆ.

ಅದನ್ನು ನಿಲ್ಲಿಸುವುದು ಹೇಗೆ?

ಅವಳು ಹೆಬ್ಬೆರಳಿನಿಂದ ಪರದೆ ಮುಚ್ಚಿದಳು. ಮುಚ್ಚಿದರೆ ನರೇಂದ್ರ ಸಾರ್‌ಗೆ ಕಾಣದೇ ಇರುತ್ತದೆಯೇ? ತೆಗೆದಳು. ಫೋನಿನೊಳಗೆ ಏಣಿ ಇಳಿಯಿತು. ದೀಪಕ್ ಅಂಕಲ್ ಕಾಣಿಸಿಕೊಂಡರು. ಅವರ ಹಿಂದೆ ಚೈತ್ರ ಅಕ್ಕ ಪೆಟ್ಟಿಗೆ ಚಾಚಿ ನಿಂತಿದ್ದಳು. ಚಿತ್ರದ ಎಡ ಮೂಲೆಯಲ್ಲಿ ಜನರ ಬೆನ್ನುಗಳು. ಆ ಬೆನ್ನುಗಳ ನಡುವಿನಿಂದಲೇ ಅವಳು ಬಂದದ್ದು. ಈಗ. ಈಗ ಬರುತ್ತಾಳೆ.

ಕೇಬಲ್ ಸುತ್ತುತ್ತಾ ಕೂತ ಅಮ್ಮ ಅವಳ ಕಣ್ಣ ಮುಂದೆ ಬಂದಳು.

ಚಿತ್ರ ತಟ್ಟನೆ ಮೇಲಕ್ಕೆ ನೆಗೆಯಿತು.

ಎಲೆ. ಬರೀ ಎಲೆ. ಎಲೆಗಳ ನಡುವೆ ಚೂರು ಆಕಾಶ, ಹರಿದ ದಾರದ ಒಂದು ತುಂಡು. ದೀಪಕ್ ಅಂಕಲ್ಲಿನ ದನಿ ಮಾತ್ರ, "ನೋಡಿ ವೀಕ್ಷಕರೇ, ಇದೀಗ ಹದ್ದನ್ನ ಪೆಟ್ಟಿಗೆಗೆ ಹಾಕ್ತಿದ್ದಾರೆ, ನೀವು ನೋಡಬಹುದು," ಎನ್ನುತ್ತಿತ್ತು. ನೋಡಲು ಏನೂ ಇರಲಿಲ್ಲ.

ಚಿತ್ರ ನೆಗೆಯುವ ಮೊದಲು ಎಡ ಮೂಲೆಯಲ್ಲಿ ಹಳದಿ ಏನೋ ಮಿಂಚಿತ್ತು, ಅಷ್ಟೆ. ನೋಡಿದವರು ಆಟೋ ಅಂದುಕೊಳ್ಳಬಹುದು.

ಫೋನಿನಲ್ಲಿ ಕ್ಯಾಮೆರಾ ಮತ್ತೆ ಕೆಳಗೆ ಬರುವ ಹೊತ್ತಿಗೆ ಪೆಟ್ಟಿಗೆಯ ಮುಚ್ಚಳ ಹಾಕಿಯಾಗಿತ್ತು.

ಆಗ ಅವಳಿಗೆ ನೆನಪಾಯಿತು. ಹದ್ದು ನೋಡಲೆಂದೇ ಅವಳು ಇಷ್ಟು ದೂರ ಓಡಿ ಬಂದದ್ದು. ಅದು ಎದುರಿಗೇ, ಕೈಗೆಟುಕುವಷ್ಟು ಹತ್ತಿರದಲ್ಲೇ ಪೆಟ್ಟಿಗೆಯೊಳಗೆ ಹೋಗಿತ್ತು. ಅವಳು ಫೋನ್ ನೋಡುತ್ತಿದ್ದಳು.

ಲೈವ್ ಮುಗಿಯಿತು. ಮುಗಿದದ್ದೇ ತಡ, ಅಮ್ಮನ ಕಿವಿಯೊಳಗಿನ ಇಯರ್‌ಫೋನ್ ಗುರ್ರೆಂದಿತು. ಅಮ್ಮ ಅದನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದಳು. ಆದ್ದರಿಂದ ಹತ್ತಿರ ಬಂದ ಪ್ರಕೃತಿಗೂ ನರೇಂದ್ರ ಸಾರ್ ದನಿ ಕೇಳಿಸಿತು.

"ಏನ್ರೀ ಸಂಗೀತಾ ಇದು! ಎಲ್ಲಾ ಚಾನೆಲ್ಲಲ್ಲೂ ಹದ್ದು, ನಮ್ಮಲ್ಲಿ ಬರೀ ಎಲೆ! ಮೇನ್ ಶಾಟೇ ಹೋಯ್ತಲ್ರೀ! ನಿಮ್ ಕೈ ಯಾವತ್ತೂ ಅಲ್ಲಾಡಿದ್ದಲ್ಲ, ಏನಾಯ್ತು ಇವತ್ತು?"

ಅಮ್ಮ ಸುಮ್ಮನೆ ನಿಂತಳು.

ಪ್ರಕೃತಿ ಅವಳ ಮುಖವನ್ನೇ ನೋಡಿದಳು. ಆ ಸುಮ್ಮನಿರುವ ಹೊತ್ತಿನಲ್ಲಿ ಅಮ್ಮ ಕಾಂಪೌಂಡ್ ಗೋಡೆ ನೋಡಿದಳು, ಕಟ್ಟೆ ನೋಡಿದಳು, ಪ್ರಕೃತಿಯ ಹಳದಿ ಟೀ ಶರ್ಟ್ ನೋಡಿದಳು. ಬೆನ್ನ ಮೇಲಿನ ಬ್ಯಾಗಿನ ಪಟ್ಟಿಯನ್ನು ಒಮ್ಮೆ ಸರಿ ಮಾಡಿಕೊಂಡಳು.

"ನನ್ ತಪ್ಪು ಸಾರ್," ಎಂದಳು. "ಇನ್ಮೇಲೆ ಹಾಗಾಗಲ್ಲ."

ಅಷ್ಟೇ. ಆ ಕಡೆಯಿಂದ ಇನ್ನೂ ಏನೇನೋ ಬಂತು. ಅಮ್ಮ ಎಲ್ಲವನ್ನೂ ಪೂರ್ತಿ ಬರಲು ಬಿಟ್ಟು, "ಸರಿ ಸಾರ್" ಎಂದು ಫೋನ್ ಇಟ್ಟಳು.

ದೀಪಕ್ ಅಂಕಲ್ ಮೈಕಿನ ವೈರ್ ಸುತ್ತುತ್ತಾ ಪ್ರಕೃತಿಯನ್ನು ನೋಡಿದರು. ಅವರಿಗೆ ಗೊತ್ತಿತ್ತು. ಅವಳು ಅವರ ಪ್ಯಾಂಟಿಗೆ ತಾಗಿಕೊಂಡೇ ಓಡಿದ್ದಳಲ್ಲ.

"ಎಲೆ ಸಖತ್ತಾಗಿ ಬಂದಿತ್ತು ಮೇಡಂ," ಎಂದರು ಅವರು ಅಮ್ಮನಿಗೆ. "ಎಚ್‌ಡಿ ಎಲೆ."

ಅಮ್ಮನಿಗೆ ನಗು ಬಂತು. ಅದೂ ಸ್ವಲ್ಪ ತಡವಾಗಿ.

ಮನೆಗೆ ಹೊರಟಾಗ ಬ್ಯಾಗು ಅಮ್ಮನ ಬೆನ್ನ ಮೇಲೇ ಇತ್ತು. ಹಿಂದೆ ಕೂತ ಪ್ರಕೃತಿಗೆ ಅಮ್ಮನನ್ನು ಹಿಡಿದುಕೊಳ್ಳಲು ಜಾಗವೇ ಇರಲಿಲ್ಲ. ಬ್ಯಾಗನ್ನೇ ಅಪ್ಪಿ ಹಿಡಿದಳು. ಆಫ್ ಮಾಡಿದ್ದರೂ ಅದು ಇನ್ನೂ ಬೆಚ್ಚಗಿತ್ತು. ಇಷ್ಟು ಬಿಸಿಯನ್ನು ಅಮ್ಮ ದಿನಾ ಬೆನ್ನಿಗೆ ಕಟ್ಟಿಕೊಂಡು ಓಡಾಡುತ್ತಾಳೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

"ದೋಸೆ ತಿಂತೀಯಾ?" ಅಮ್ಮ ಕೇಳಿದಳು.

ಪ್ರಕೃತಿ ಮಾತಾಡಲಿಲ್ಲ.

ಸ್ಕೂಟರ್ ಒಂದು ಹಂಪ್ ಹತ್ತಿ ಇಳಿಯಿತು. "ಪುಟ್ಟಾ, ಕೇಳಿಸ್ತಾ?"

"ಕೇಳಿಸ್ತಮ್ಮ. ಇರು, ಬರ್ತಾ ಇದೆ."

ಅಮ್ಮ ಕಾದಳು. ಬನಶಂಕರಿ ಕಡೆಗೆ ಹೋಗುವ ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ಪಕ್ಕದಲ್ಲಿ ಒಂದು ಬಸ್ಸು ಬಂದು ಉಸ್ಸೆಂದು ನಿಂತಿತು.

"ನಾನು ಫೋನ್ ನೋಡ್ಕೊಂಡು ಓಡ್ದೆ," ಎಂದಳು ಪ್ರಕೃತಿ, ಬ್ಯಾಗಿಗೆ ಕೆನ್ನೆ ಒತ್ತಿಕೊಂಡು. "ಫೋನಲ್ಲಿ ಏಣಿ ಮೇಲಿತ್ತು. ಅದು ಹಳೇದು ಅಂತ ನೆನಪೇ ಆಗ್ಲಿಲ್ಲ. ನೀನು ಕೂತ್ಕೋ ಅಂದಿದ್ದೆ, ನಾನು ಎದ್ದೆ. ಶಾಟ್ ಹೋಗಿದ್ದು ನನ್ನಿಂದ. ಸಾರಿ ಅಮ್ಮ. ನಿನ್ನ ಕೇಬಲ್ ಸುತ್ತೋಕೆ ಹಾಕ್ತಾರಾ?"

ಅಮ್ಮ ಏನೂ ಹೇಳಲಿಲ್ಲ.

ಆಟೋಗಳು ಹಾರ್ನ್ ಮಾಡಿದವು. ಬ್ಯಾಗಿನ ಆಚೆ ಅಮ್ಮನ ಮುಖ ಕಾಣುತ್ತಿರಲಿಲ್ಲ. ಹೆಲ್ಮೆಟ್ಟಿನ ಹಿಂಭಾಗ ಮಾತ್ರ ಕಾಣುತ್ತಿತ್ತು. ಪ್ರಕೃತಿಯ ನಾಲಿಗೆ ತುದಿಗೆ "ಅಮ್ಮಾ!" ಬಂದಿತ್ತು.

ಅವಳು ಅದನ್ನು ನುಂಗಿಕೊಂಡಳು. ಎರಡನೇ ಸಲ ಕೇಳಲಿಲ್ಲ. ಬ್ಯಾಗಿನ ಬಿಸಿಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಳು. ಮದುವೆಗೆ ಹೊರಟ ಎಲ್ಲಾ ಆಟೋಗಳೂ ಬರಲಿ ಎಂದು.